ಶೇಂಗಾ ಹಾಲು ಹಾಲಾದೀತೆ?

ಕುಷ್ಟಗಿ, ಯಲಬುರ್ಗಾಗಳ ಮಸಾರಿ ಹೊಲಗಳಲ್ಲಿ ಬೆಳೆದ ಶೇಂಗಾ ಮನುಷ್ಯನ ಹೊಟ್ಟೆಯನ್ನು ಸೇರುವ ದಾರಿ ನೇರವಾದುದಲ್ಲ. ಒಂದು ಪಾಲು ಹುರಿದ ಕಾಳಾಗಿ, ಹೋಳಿಗೆಯ ಹೂರಣವಾಗಿ, ರೊಟ್ಟಿಯೊಡನೆ ಉಣ್ಣುವ ಹಿಂಡಿಯಾಗಿ ಮನೆಯಲ್ಲಿಯೇ ಉಳಿಯುತ್ತದೆಂಬುದು ನಿಜ. ಆದರೆ ಇನ್ನೊಂದು ಪಾಲು ಗಾಣವನ್ನೋ ಗಿರಣಿಯನ್ನೋ ಸೇರಿ ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಎಣ್ಣೆ ಹೋದ ಮೇಲೆ ಉಳಿಯುವುದಕ್ಕೂ ಹಿಂಡಿಯೆಂದೇ ಹೆಸರು. ಈ ಹಿಂಡಿ ಮಾತ್ರ ನಮ್ಮ ತಾಟಿಗೆ ಬಾರದೆ ಎಮ್ಮೆಯ ಗೋದಲಿಗೆ ಹೋಗುತ್ತದೆ. ಎಮ್ಮೆ ಅದನ್ನು ತಿಂದು ಹಾಲು ಕೊಡುತ್ತದೆ. ಆ ಹಾಲನ್ನು ನಾವು ಹಣ ಕೊಟ್ಟು ತರುತ್ತೇವೆ. ಕಾಳಿನಲ್ಲಿದ್ದ ಉತ್ತಮಾಂಶವಾದ ಸಸಾರಜನಕ, ಎಂದರೆ ಪ್ರೋಟೀನು, ಹೀಗೆ ಊರೆಲ್ಲ ಸುತ್ತಿ ಮನೆಗೆ ಮರಳುತ್ತದೆ.

ಈ ಸುತ್ತುದಾರಿಯಲ್ಲಿ ನಷ್ಟವಿದೆ. ಕರೆಯುವ ದನ ತಾನು ತಿಂದ ಸಸಾರಜನಕದಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟನ್ನು, ಅನೇಕ ವೇಳೆ ಅದಕ್ಕಿಂತಲೂ ಕಡಮೆಯನ್ನು, ಹಾಲಿಗೆ ಇಳಿಸುತ್ತದೆ. ಉಳಿದದ್ದು ಅದರ ದೇಹಧಾರಣೆಗೂ ಸೆಗಣಿ ಗಂಜಲಗಳಿಗೂ ವ್ಯಯವಾಗುವುದು. ಹಾಗಾದರೆ ಎಮ್ಮೆಯನ್ನು ನಡುವೆ ತಾರದೆ ಶೇಂಗಾದಿಂದಲೇ ನೇರವಾಗಿ ಹಾಲನ್ನು ತೆಗೆಯಬಾರದೇಕೆ? ಪ್ರಶ್ನೆ ಹೊಸದಲ್ಲ, ಕನ್ನಡನಾಡಿನ ವಿಜ್ಞಾನಿಗಳೇ ಇದನ್ನು ಮುಕ್ಕಾಲು ಶತಮಾನದ ಹಿಂದೆ ಕೈಗೆತ್ತಿಕೊಂಡಿದ್ದರು. ಇಂದು ಅದು ಬೇರೊಂದು ವೇಷದಲ್ಲಿ ನಮ್ಮ ಮುಂದೆ ನಿಂತಿದೆ. ದೊಡ್ಡ ಪೇಟೆಗಳ ಅಂಗಡಿಗಳಲ್ಲಿ ಸೋಯಾ, ಬಾದಾಮಿ, ಓಟ್ಸ್ ಮುಂತಾದವುಗಳ ‘ಹಾಲು’ ಬಣ್ಣಬಣ್ಣದ ಪೆಟ್ಟಿಗೆಗಳಲ್ಲಿ ಬಂದು ಕುಳಿತಿದೆ. ಹಾಲು ಒಗ್ಗದವರು, ಪ್ರಾಣಿಜನ್ಯ ಆಹಾರವೇ ಬೇಡವೆನ್ನುವವರು, ಹಾಲಿನ ಬೆಲೆಗೆ ಹೆದರುವವರು, ಎಲ್ಲರೂ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳುತ್ತಾರೆ. ಕೊಪ್ಪಳದ ಸೀಮೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿಕೊಂಡರೆ ಉತ್ತರ ಪೆಟ್ಟಿಗೆಯ ಮೇಲಿನ ಚಿತ್ರಗಳಿಗಿಂತ ಬೇರೆಯಾಗಿಯೇ ಬರುವುದು.

ಎಮ್ಮೆಯ ಪರವಾಗಿಯೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಅದು ಹಿಂಡಿಯೊಂದನ್ನೇ ತಿಂದು ಬದುಕುವ ಪ್ರಾಣಿಯಲ್ಲ. ಜೋಳದ ಕಣಿಕೆ, ಶೇಂಗಾ ಹೊಟ್ಟು, ಬದುವಿನ ಹುಲ್ಲು, ಇವು ನಮ್ಮ ಜಠರಕ್ಕೆ ಕೇವಲ ಕಸ. ಈ ಕಸವನ್ನು ಆಹಾರವಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ಎಮ್ಮೆ ತನ್ನ ಹೊಟ್ಟೆಯಲ್ಲಿ ಸಾಕಿಕೊಂಡಿದೆ. ಆದುದರಿಂದ ಬದುವಿನ ಹುಲ್ಲು ತಿನ್ನುವ ಎಮ್ಮೆಗೂ ದವಸ ತಿನ್ನಿಸಿ ಕರೆಯುವ ದನಕ್ಕೂ ಲೆಕ್ಕ ಒಂದೇ ಆಗುವುದಿಲ್ಲ.

ಮೊದಲು ಹಾಲೆಂದರೇನು? ಕಾನೂನಿನ ದೃಷ್ಟಿಯಲ್ಲಿ ಅದು ಸಸ್ತನಿಯ ಕೆಚ್ಚಲಿನಿಂದ ಬಂದುದಾಗಿರಬೇಕು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಸಸ್ಯಜನ್ಯ ಪಾನೀಯಗಳ ಮೇಲೆ ‘ಹಾಲು’ ಎಂಬ ಹೆಸರನ್ನು ಅಚ್ಚಿಸಿ ಮಾರುವುದನ್ನು ತಡೆಯಲು ಮುಂದಾಯಿತು. ತೆಂಗಿನ ಹಾಲಿನಂತಹ ರೂಢಿಯ ಹೆಸರುಗಳಿಗೆ ಮಾತ್ರ ವಿನಾಯಿತಿ. ಯುರೋಪಿನ ನ್ಯಾಯಾಲಯವೂ 2017ರಲ್ಲಿ ಇದೇ ಬಗೆಯ ತೀರ್ಪನ್ನು ಕೊಟ್ಟಿತ್ತು. ಆದರೆ ಭಾಷೆ ಕಾನೂನಿಗಿಂತ ಉದಾರವಾದುದು. ಕಾಯಿಹಾಲು, ರಾಗಿಹಾಲು, ಗೋಧಿಹಾಲು ಎಂದು ನಮ್ಮ ಅಡುಗೆಮನೆಗಳಲ್ಲಿ ಎಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಬೆಳ್ಳಗೆ ತೊಟ್ಟಿಕ್ಕುವುದೆಲ್ಲ ಹಾಲೇ: ಎಕ್ಕೆಯ ಗಿಡವನ್ನು ಮುರಿದರೂ ಹಾಲು ಬರುತ್ತದೆ! ಇದಕ್ಕೆ ವಿಪರೀತವಾಗಿ, ಹೋಟೆಲಿನ ಬಾದಾಮಿ ಹಾಲು ಅಪ್ಪಟ ಆಕಳ ಹಾಲಾಗಿದ್ದು ಅದರಲ್ಲಿ ಬಾದಾಮಿಯನ್ನು ಹುಡುಕಬೇಕಾಗುತ್ತದೆ. ಲೇಖನದಲ್ಲಿ ನಾವು ರೂಢಿಯನ್ನೇ ಅನುಸರಿಸುವೆವು.

ವಿಜ್ಞಾನದ ದೃಷ್ಟಿಯಲ್ಲಿ ಹಾಲು ನೀರಿನಲ್ಲಿ ತೇಲುವ ಕಣಗಳ ಒಂದು ವ್ಯವಸ್ಥೆ. ಆಕಳ ಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರು. ಉಳಿದುದರಲ್ಲಿ ಮೂರು, ಮೂರೂಕಾಲು ಪಾಲು ಸಸಾರಜನಕ, ನಾಲ್ಕು ಪಾಲಿನಷ್ಟು ಕೊಬ್ಬು, ಐದು ಪಾಲಿಗೆ ತುಸು ಕಡಮೆ ಹಾಲುಸಕ್ಕರೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಆರು ಏಳು ಪಾಲಿಗೆ ಏರುತ್ತದೆ. ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ, ಕೇಸಿನ್ ಎಂಬ ಸಸಾರಜನಕವು ಇನ್ನೂ ಸಣ್ಣ ಉಂಡೆಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತವೆ. ಬೆಳಕು ಈ ಕಣಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದರುವುದರಿಂದ ಹಾಲು ಬೆಳ್ಳಗೆ ಕಾಣುವುದು. ಬಣ್ಣವೆಂಬುದು ಅದರಲ್ಲಿ ಇಲ್ಲವೇ ಇಲ್ಲ.

ಶೇಂಗಾದಿಂದ ಹಾಲು ಬರುವುದೂ ಇದೇ ಕಾರಣದಿಂದ. ಕಾಳಿನ ತೂಕದ ಅರ್ಧದಷ್ಟು ಎಣ್ಣೆ, ಕಾಲುಪಾಲು ಸಸಾರಜನಕ. ಆ ಎಣ್ಣೆಯು ಜೀವಕೋಶಗಳೊಳಗೆ ಒಂದೇ ಮಡುವಾಗಿ ನಿಂತಿರುವುದಿಲ್ಲ. ಅತಿಸೂಕ್ಷ್ಮ ಹನಿಗಳಾಗಿ ಒಡೆದು, ಪ್ರತಿಯೊಂದು ಹನಿಯೂ ಸಸಾರಜನಕದ ತೆಳುವಾದ ಅಂಗಿಯನ್ನು ತೊಟ್ಟಿರುತ್ತದೆ. ಗಾಣದ ಒತ್ತಡಕ್ಕೂ ಗಿರಣಿಯ ಶಾಖಕ್ಕೂ ಸಿಕ್ಕಿದರೆ ಅಂಗಿ ಹರಿದು ಹನಿಗಳು ಒಂದುಗೂಡಿ ಎಣ್ಣೆಯಾಗಿ ಹರಿಯುವುವು. ಅದೇ ಕಾಳನ್ನು ನೆನೆಹಾಕಿ ನೀರಿನೊಡನೆ ನುಣ್ಣಗೆ ರುಬ್ಬಿದರೆ ಹನಿಗಳು ಅಂಗಿಸಮೇತ ನೀರಿನಲ್ಲಿ ಹರಡುವುವು, ನೀರು ಹಾಲಾಗುವುದು. ಒಂದೇ ಬೀಜ, ಗಾಣಕ್ಕೆ ಹೋದರೆ ಎಣ್ಣೆ, ಒರಳಿಗೆ ಬಂದರೆ ಹಾಲು.

ಅಕ್ಕಿ, ಓಟ್ಸ್ ಮುಂತಾದ ಧಾನ್ಯಗಳ ಕಥೆ ಬೇರೆ. ಅವುಗಳಲ್ಲಿ ತುಂಬಿರುವುದು ಎಣ್ಣೆಯಲ್ಲ, ಪಿಷ್ಟ. ರುಬ್ಬಿ ಕಾಯಿಸಿದರೆ ಗಂಜಿಯಾಗುತ್ತದೆಯೇ ಹೊರತು ಹಾಲಾಗುವುದಿಲ್ಲ. ಅದಕ್ಕಾಗಿ ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿ ಮಾಡುವ ಕಿಣ್ವವನ್ನು ಕಾರ್ಖಾನೆಯವರು ಬೆರೆಸುತ್ತಾರೆ. ಸ್ವೀಡನ್ನಿನ ಲುಂಡ್ ನಗರದಲ್ಲಿ 1990ರ ದಶಕದಲ್ಲಿ ರಿಕಾರ್ಡ್ ಓಸ್ಟೆ ಎಂಬ ವಿಜ್ಞಾನಿ ಓಟ್ಸ್ ಹಾಲನ್ನು ಸಾಧಿಸಿದ್ದು ಈ ಉಪಾಯದಿಂದಲೇ. ನಮ್ಮ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಅಂಬಲಿ ಕಾಯಿಸಿದಾಗಲೂ ನಡೆಯುವುದು ಇದೇ ಕ್ರಿಯೆ. ಮೊಳೆಯುವ ಕಾಳು ತನ್ನ ಕಿಣ್ವವನ್ನು ತಾನೇ ತಯಾರಿಸಿಕೊಂಡಿರುತ್ತದೆ. ಆದುದರಿಂದಲೇ ಮೊಳಕೆ ಹಿಟ್ಟಿನ ಗಂಜಿ ತೆಳ್ಳಗೂ ಸಿಹಿಯಾಗಿಯೂ ಇರುವುದು.

ಇನ್ನು ಹಾಲು ಒಗ್ಗದಿರುವ ಸಂಗತಿ. ಹಾಲಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ಎಳೆಗೂಸಿನ ಸಣ್ಣ ಕರುಳಿನಲ್ಲಿ ಇದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಹೇರಳವಾಗಿರುತ್ತದೆ. ಹಾಲು ಬಿಟ್ಟ ಮೇಲೆ ಸಸ್ತನಿಗಳಲ್ಲೆಲ್ಲ ಇದು ಕುಗ್ಗುವುದೇ ಪ್ರಕೃತಿಯ ನಿಯಮ. ಮನುಷ್ಯರಲ್ಲಿ ಮಾತ್ರ, ದನಗಾಹಿಗಳ ಕೆಲವು ಕುಲಗಳಲ್ಲಿ, ಕಿಣ್ವ ಬೆಳೆದ ಮೇಲೂ ಉಳಿಯುವಂತಹ ಒಂದು ವ್ಯತ್ಯಾಸ ತಲೆಯೆತ್ತಿ ವಂಶಪಾರಂಪರ್ಯವಾಗಿ ಹಬ್ಬಿತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಭಾರತೀಯರಲ್ಲಿಯೂ ಯುರೋಪಿನವರಲ್ಲಿಯೂ ಕಂಡುಬರುವ ಮುಖ್ಯ ವ್ಯತ್ಯಾಸ ಒಂದೇ ಎಂದು ತೋರಿಸಿತು. ನಮ್ಮ ದೇಶದಲ್ಲಿ ಅದು ವಾಯವ್ಯದಿಂದ ಆಗ್ನೇಯದ ಕಡೆಗೆ ಬಂದಂತೆ ವಿರಳವಾಗುತ್ತ ಹೋಗುತ್ತದೆ. ಎಂದರೆ ದಕ್ಷಿಣದ ನಮ್ಮಲ್ಲಿ ಬಹುಮಂದಿಗೆ ಹಾಲುಸಕ್ಕರೆ ಪೂರ್ತಿಯಾಗಿ ಜೀರ್ಣವಾಗದಿರುವುದು ರೋಗವಲ್ಲ, ಸಹಜಸ್ಥಿತಿ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿಯ ಬ್ಯಾಕ್ಟೀರಿಯಾಗಳ ಬಾಯಿಗೆ ಸಿಕ್ಕಿ, ವಾಯುವಾಗಿ ಹೊಟ್ಟೆಯನ್ನು ಉಬ್ಬಿಸುವುದು.

ಆದರೆ ಇಷ್ಟಕ್ಕೇ ಹಾಲನ್ನು ತೊರೆದು ಪೇಟೆಯ ಪೆಟ್ಟಿಗೆಗೆ ಕೈಹಾಕಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ಕಿಣ್ವ ಕುಗ್ಗಿದವರಲ್ಲಿಯೂ ಹೆಚ್ಚಿನವರು ಒಂದು ಬಟ್ಟಲು ಹಾಲನ್ನು ಊಟದೊಡನೆ ತೊಂದರೆಯಿಲ್ಲದೆ ಕುಡಿಯಬಲ್ಲರು. ಮೊಸರಾದಾಗ ಸಕ್ಕರೆಯ ಒಂದು ಪಾಲು ಆಮ್ಲವಾಗಿ ಮಾರ್ಪಡುವುದಲ್ಲದೆ ಮೊಸರಿನ ಬ್ಯಾಕ್ಟೀರಿಯಾಗಳೇ ಕರುಳಿನಲ್ಲಿ ಉಳಿದುದನ್ನು ಒಡೆಯಲು ನೆರವಾಗುತ್ತವೆ. ಬಿಸಿಲುನಾಡಿನ ಜನ ಮಜ್ಜಿಗೆಯನ್ನು ನೆಚ್ಚಿಕೊಂಡುದು ಬರಿಯ ದಾಹಕ್ಕಾಗಿ ಅಲ್ಲವೆನಿಸುತ್ತದೆ. ಹಾಲಿನ ಅಲರ್ಜಿಯೆಂಬುದು ಇದರಿಂದ ತೀರ ಬೇರೆ. ಅದು ಸಕ್ಕರೆಗಲ್ಲ, ಹಾಲಿನ ಸಸಾರಜನಕಕ್ಕೆ ದೇಹ ತೋರುವ ವೈರ. ಮುಖ್ಯವಾಗಿ ಶಿಶುಗಳಲ್ಲಿ ಕಾಣುವುದು. ಅಂಥವರಿಗೆ ಮೊಸರೂ ಸಲ್ಲದು, ವೈದ್ಯರ ಸಲಹೆಯಿಲ್ಲದೆ ಏನನ್ನೂ ಮಾಡಲಾಗದು.

ಹಾಲನ್ನು ಪೂರ್ತಿಯಾಗಿ ಬಿಡಲು ನಿರ್ಧರಿಸಿದವರ ಪಾಡೇನು? ಇದನ್ನು ಗಾಂಧೀಜಿಯವರು ತಮ್ಮ ಮೈಮೇಲೆಯೇ ಪರೀಕ್ಷಿಸಿ ನೋಡಿದರು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದಾಗ, 1912ರಲ್ಲಿ, ಅವರು ಹಾಲನ್ನು ತೊರೆದರು. 1918ರಲ್ಲಿ ಕಾಯಿಲೆ ಬಿದ್ದು ಮೈ ಕರಗಿಹೋದಾಗ ಹಾಲಿಗೆ ಬದಲಾದುದನ್ನು ಸೂಚಿಸುವಂತೆ ವೈದ್ಯರನ್ನು ಬೇಡಿದರೆ, ಕೆಲವರು ಹೆಸರುಬೇಳೆಯ ನೀರೆಂದರು, ಕೆಲವರು ಹಿಪ್ಪೆಯ ಎಣ್ಣೆಯೆಂದರು, ಕೆಲವರು ಬಾದಾಮಿ ಹಾಲೆಂದರು. ಯಾವುದೂ ಫಲಿಸಲಿಲ್ಲ. ಕೊನೆಗೆ 1919ರಲ್ಲಿ, ವ್ರತ ಹಿಡಿದದ್ದು ಹಸು ಎಮ್ಮೆಗಳ ಹಾಲನ್ನು ಕುರಿತು ಮಾತ್ರವಲ್ಲವೆ ಎಂಬ ಕಸ್ತೂರಬಾ ಅವರ ಮಾತಿಗೆ ಒಪ್ಪಿ ಆಡಿನ ಹಾಲನ್ನು ಸ್ವೀಕರಿಸಿದರು. ಬಾದಾಮಿ ಹಾಲು ಸೋತುದರಲ್ಲಿ ಆಶ್ಚರ್ಯವಿಲ್ಲ. ಇಂದಿನ ಪೇಟೆಯ ಬಾದಾಮಿ ಪಾನೀಯದಲ್ಲಿಯೂ ನೂರು ಮಿಲಿಲೀಟರಿಗೆ ಸಸಾರಜನಕ ಅರ್ಧ ಗ್ರಾಮಿನ ಆಸುಪಾಸು. ಅಕ್ಕಿಯ ಹಾಲಿನಲ್ಲಿ ಅಷ್ಟೂ ಇಲ್ಲ. ಓಟ್ಸ್ ಹಾಲಿನಲ್ಲಿ ಒಂದು ಗ್ರಾಮಿನಷ್ಟು. ಆಕಳ ಹಾಲಿಗೆ ಸರಿಗಟ್ಟಿ ನಿಲ್ಲುವುದು ಸೋಯಾ ಒಂದೇ: ನೂರಕ್ಕೆ ಮೂರು ಗ್ರಾಂ, ಗುಣದಲ್ಲಿಯೂ ಹತ್ತಿರ.

ಸೋಯಾ ಹಾಲಿಗೆ ಒಂದು ದೋಷವುಂಟು, ಹಸಿಕಾಳಿನ ವಾಸನೆ. ಕಾಳನ್ನು ತಣ್ಣೀರಿನಲ್ಲಿ ರುಬ್ಬಿದ ಕ್ಷಣದಲ್ಲಿಯೇ ಅದರೊಳಗಿನ ಒಂದು ಕಿಣ್ವ ಎಣ್ಣೆಯ ಮೇಲೆ ಎರಗಿ ಈ ವಾಸನೆಯನ್ನು ಹುಟ್ಟಿಸುತ್ತದೆ. ಕುದಿನೀರಿನಲ್ಲಿ ರುಬ್ಬಿದರೆ ಕಿಣ್ವ ಸತ್ತು ವಾಸನೆ ತಗ್ಗುವುದು. ಅಲ್ಲದೆ ಹಸಿ ಸೋಯಾದಲ್ಲಿ ನಮ್ಮ ಜೀರ್ಣರಸಗಳನ್ನು ತಡೆಯುವ ವಸ್ತುಗಳಿರುವುದರಿಂದ ಅದನ್ನು ಚೆನ್ನಾಗಿ ಕುದಿಸದೆ ಕುಡಿಯಲೇಬಾರದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಅವರೂ ಸಹೋದ್ಯೋಗಿಗಳೂ ಸೋಯಾ ಹಾಲಿನ ಸಂಶೋಧನೆಯಲ್ಲಿ ತೊಡಗಿದ್ದರು. ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಂತ್ರವಿಜ್ಞಾನ ಸಂಶೋಧನಾಲಯ ಪ್ರಾರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರಾದರು. ಆಗ ದೇಶದಲ್ಲಿ ಹಾಲಿಗೆ ಬರ. ಸೋಯಾ ಬೆಳೆಯುವವರು ವಿರಳ. ಶೇಂಗಾ ಮಾತ್ರ ಎಲ್ಲೆಡೆಯೂ ಉಂಟು. ಆದುದರಿಂದ ಮೈಸೂರಿನ ಪ್ರಯೋಗಶಾಲೆ ಶೇಂಗಾದ ಕಡೆ ತಿರುಗಿತು: ಶೇಂಗಾ ಹಾಲು, ಶೇಂಗಾ ಮೊಸರು, ಶೇಂಗಾ ಹಿಟ್ಟು. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರು 1921ರಲ್ಲಿಯೇ ಶಾಸನಸಭೆಯ ಸಮಿತಿಯ ಮುಂದೆ ಶೇಂಗಾ ಹಾಲನ್ನು ಪ್ರದರ್ಶಿಸಿ ಬೆರಗುಗೊಳಿಸಿದ್ದರು. ಮೈಸೂರಿನಲ್ಲಿ ಅದು ಪ್ರದರ್ಶನದ ವಸ್ತುವಾಗಿ ಉಳಿಯದೆ ಹಸಿದ ಮಕ್ಕಳ ಆಹಾರದ ಪ್ರಶ್ನೆಯಾಯಿತು.

ಈ ಪ್ರಶ್ನೆಯಲ್ಲಿ ಒಂದು ತೊಡಕಿದೆ; ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು. ಸಸಾರಜನಕವೆಂಬುದು ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಕೆಲವು ಮಣಿಗಳನ್ನು ನಮ್ಮ ದೇಹ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಅವುಗಳಲ್ಲಿ ಲೈಸಿನ್ ಒಂದು. ನೂರು ಗ್ರಾಂ ಸಸಾರಜನಕವನ್ನು ತೆಗೆದುಕೊಂಡರೆ ಹಾಲಿನದರಲ್ಲಿ ಲೈಸಿನ್ ಏಳೆಂಟು ಗ್ರಾಂ, ಬೇಳೆಕಾಳಿನದರಲ್ಲಿ ಆರೇಳು, ಶೇಂಗಾದ್ದರಲ್ಲಿ ಮೂರೂವರೆಯಷ್ಟು, ಜೋಳದ್ದರಲ್ಲಿ ಬರಿಯ ಎರಡು. ನಮಗೆ ಬೇಕಾದುದು ನಾಲ್ಕೂವರೆಗೆ ಮೇಲೆ. ಇದನ್ನು ಕೊಪ್ಪಳ ಸೀಮೆಯ ತಾಟಿನೊಂದಿಗೆ ಹೋಲಿಸಿ ನೋಡಿರಿ. ರೊಟ್ಟಿಯ ಜೋಳದಲ್ಲಿ ಯಾವ ಮಣಿಯ ಕೊರತೆಯೋ ಅದೇ ಮಣಿ ಶೇಂಗಾ ಹಿಂಡಿಯಲ್ಲಿಯೂ ಕೊರತೆ. ಒಂದು ಇನ್ನೊಂದರ ತೂತನ್ನು ಮುಚ್ಚಲಾರದು. ಬಡಮನೆಯ ಮಗುವಿಗೆ ಹಾಲನ್ನು ತಪ್ಪಿಸಿ ಶೇಂಗಾ ಹಾಲನ್ನು ಮಾತ್ರ ಕೊಟ್ಟರೆ, ಲೆಕ್ಕದ ಪುಸ್ತಕದಲ್ಲಿ ಸಸಾರಜನಕ ಸರಿಯಾಗಿದ್ದರೂ ಬೆಳವಣಿಗೆಯಲ್ಲಿ ಸೋರಿಕೆಯಾಗುವುದು. ತೊಗರಿ, ಹುರುಳಿ, ಮಡಿಕೆ, ಹೆಸರು, ಕಡಲೆ, ಇವುಗಳಲ್ಲೊಂದು ಸೇರಿದರೆ ತೂತು ಮುಚ್ಚುತ್ತದೆ.

ಮೈಸೂರಿನವರು ಇದನ್ನು ಬಲ್ಲವರಾಗಿದ್ದರು. ಅವರು ರೂಪಿಸಿದ ‘ಭಾರತೀಯ ಬಹೂಪಯೋಗಿ ಆಹಾರ’ದಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು, ಮೇಲೆ ಜೀವಸತ್ವಗಳೂ ಸುಣ್ಣದ ಅಂಶವೂ. ಮುಂದೆ ಅಲ್ಲಿಯೇ ‘ಮಿಲ್ಟೋನ್’ ಎಂಬ ಪಾನೀಯ ಸಿದ್ಧವಾಯಿತು. ಶೇಂಗಾದಿಂದ ಬೇರ್ಪಡಿಸಿದ ಸಸಾರಜನಕವನ್ನು ಎಮ್ಮೆಯ ಹಾಲಿಗೆ ಕೂಡಿಸಿ, ಹಾಲನ್ನು ಹಿಗ್ಗಿಸಿ, ಜೀವಸತ್ವಗಳನ್ನು ಬೆರೆಸಿದ ಈ ಪಾನೀಯವು 1970ರ ದಶಕದಲ್ಲಿ ಬೆಂಗಳೂರು ಮೊದಲಾದ ಕಡೆ ತಯಾರಾಗಿ ಹಂಚಿಕೆಯಾಯಿತು. ಇದರ ಜಾಣ್ಮೆಯನ್ನು ಗಮನಿಸಬೇಕು: ಶೇಂಗಾದಲ್ಲಿ ಕೊರತೆಯಾದ ಲೈಸಿನ್ನನ್ನು ಎಮ್ಮೆಯ ಹಾಲು ತುಂಬಿಕೊಡುತ್ತದೆ, ಎಮ್ಮೆಯ ಹಾಲಿನ ಅಭಾವವನ್ನು ಶೇಂಗಾ ತುಂಬಿಕೊಡುತ್ತದೆ. ಹಾಲೋ ಹಾಲಿನ ಬದಲಿಯೋ ಎಂದು ಇಂದು ಎರಡು ಪಕ್ಷ ಕಟ್ಟಿಕೊಂಡು ಜಗಳಾಡುವವರು ಈ ಮೂರನೆಯ ದಾರಿಯನ್ನು ಮರೆತಿದ್ದಾರೆ. ಅದು ಮರೆವಿಗೆ ಸಂದುದಕ್ಕೆ ದೊಡ್ಡ ಕಾರಣ ನಮ್ಮ ಸುದೈವವೇ ಎನ್ನಬೇಕು. 1970ರಲ್ಲಿ ಮೊದಲಾದ ಕ್ಷೀರಧಾರೆಯ ಯೋಜನೆಯಿಂದ ಹಾಲು ಹೆಚ್ಚಿತು. 20ನೆಯ ಶತಮಾನ ಮುಗಿಯುವ ಮುನ್ನವೇ ಭಾರತ ಜಗತ್ತಿನಲ್ಲಿ ಅತ್ಯಧಿಕ ಹಾಲು ಕರೆಯುವ ದೇಶವಾಯಿತು. 2013ರ ಆಗಸ್ಟಿನಿಂದ ಕರ್ನಾಟಕದ ಸರಕಾರಿ ಶಾಲೆಗಳ ಮಕ್ಕಳಿಗೆ ‘ಕ್ಷೀರಭಾಗ್ಯ’ದ ಹೆಸರಿನಲ್ಲಿ ಹಾಲಿನ ಪುಡಿಯಿಂದ ಹಾಲು ಕಾಯಿಸಿ ಕೊಡತೊಡಗಿದರು.

ಮತ್ತೊಂದು ಕಾರಣ ಅಷ್ಟು ಹಿತಕರವಾದುದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು ಬ್ರೆಜಿಲ್ಲಿನಿಂದ ತರಿಸಿದ ಶೇಂಗಾ ಹಿಂಡಿ. ಆ ಹಿಂಡಿಯ ಮೇಲೆ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಒಂದು ವಿಷವನ್ನು ಸ್ರವಿಸಿತ್ತು. ಬೂಷ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತನ್ನು ಕೆಡಿಸುವುದು. ಅಲ್ಪ ಪ್ರಮಾಣದಲ್ಲಿ ಬಹುಕಾಲ ಸೇರಿದರೆ ಯಕೃತ್ತಿನ ಏಡಿಗಂತಿಗೂ ಕಾರಣವಾಗುವುದು. ನಮ್ಮ ದೇಶದಲ್ಲಿಯೂ 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಮಡಿದರು. ಶೇಂಗಾವನ್ನು ಮಕ್ಕಳ ಆಹಾರವಾಗಿಸುವ ಯೋಜನೆಗಳೆಲ್ಲ ಈ ಆವಿಷ್ಕಾರದ ಮುಂದೆ ಒಮ್ಮೆ ನಿಂತು ಆಲೋಚಿಸಬೇಕಾಯಿತು.

ಈ ವಿಷಯ ಮಳೆಯ ಆಸರೆಯ ನಮ್ಮ ತಾಲ್ಲೂಕುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಬಳಲಿದ ಗಿಡದ ಕಾಯಿಯೊಳಕ್ಕೆ ಬೂಷ್ಟು ನೆಲದಲ್ಲಿರುವಾಗಲೇ ನುಗ್ಗುವುದು. ಕಿತ್ತ ಮೇಲೆ ಹಸಿಯಾಗಿ ಒಟ್ಟಿದರೆ ಅಲ್ಲಿಯೂ ಹಬ್ಬುವುದು. ಕುದಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಬದಲಾಗಿ ಎಮ್ಮೆಗೆ ಕೊಡೋಣವೆಂದರೆ ವಿಷದ ಒಂದು ಅಂಶ ರೂಪ ಬದಲಿಸಿ ಹಾಲಿನಲ್ಲಿಯೇ ಇಳಿಯುವುದು. ನಮ್ಮ ಕೈಯಲ್ಲಿರುವ ಉಪಾಯವೆಂದರೆ ಆರಿಸುವುದು. ಮುರುಟಿದ, ಬಣ್ಣ ಕೆಟ್ಟ, ಬೂಷ್ಟು ಹಿಡಿದ, ಕಹಿಯಾದ ಕಾಳನ್ನು ಮುಲಾಜಿಲ್ಲದೆ ಎಸೆಯಬೇಕು. ವಿಷವು ಎಲ್ಲ ಕಾಳಿನಲ್ಲಿಯೂ ಸಮನಾಗಿ ಹರಡಿರದೆ ಕೆಲವೇ ಕೆಟ್ಟ ಕಾಳುಗಳಲ್ಲಿ ಮಡುಗಟ್ಟಿರುವುದರಿಂದ ಮೊರದ ಮುಂದೆ ಕುಳಿತು ಆರಿಸುವ ಕೆಲಸಕ್ಕೆ ನಿಜವಾದ ಬೆಲೆಯಿದೆ. ಅಂಗಡಿಯಿಂದ ಪುಡಿಮಾಡಿದ ಶೇಂಗಾವನ್ನು ತಂದು ಹಾಲು ಮಾಡುವುದನ್ನು ನಾವು ಒಪ್ಪೆವು. ಪುಡಿಯಲ್ಲಿ ಆರಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಸುಣ್ಣದ ಅಂಶದ ಮಾತನ್ನು, ಎಂದರೆ ಕ್ಯಾಲ್ಸಿಯಮ್ಮಿನ ಮಾತನ್ನು, ಇನ್ನೂ ಎತ್ತಿಲ್ಲ. ಹಾಲನ್ನು ಬಿಟ್ಟವರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ನಿಗದಿ ಮಾಡಿದೆ. ಒಂದು ಲೋಟ, ಎಂದರೆ 200 ಮಿಲಿಲೀಟರ್, ಆಕಳ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಕ್ಕುವುದು. ಅದೇ ಲೋಟದ ಮನೆಯ ಶೇಂಗಾ ಹಾಲಿನಲ್ಲಿ ಇಪ್ಪತ್ತು ಸಿಕ್ಕಿದರೆ ಹೆಚ್ಚು. ಪೇಟೆಯ ಪಾನೀಯಗಳಿಗೆ ಇದನ್ನು ಹೊರಗಿನಿಂದ ಬೆರೆಸುವುದುಂಟು, ಬೆರೆಸದಿರುವುದೂ ಉಂಟು. ಹಿಂಬದಿಯ ಸಣ್ಣಕ್ಷರಗಳನ್ನು ಓದಿಯೇ ತಿಳಿಯಬೇಕು. ಬೆರೆಸಿದ ಸುಣ್ಣ ತಳದಲ್ಲಿ ಕೂಡುವುದರಿಂದ ಪೆಟ್ಟಿಗೆಯನ್ನು ಅಲುಗಾಡಿಸದೆ ಸುರಿದವನಿಗೆ ಕೊಟ್ಟ ಹಣದ ಸಾರ ದಕ್ಕುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ರಾಗಿಯಿದೆ: ನೂರು ಗ್ರಾಮಿನಲ್ಲಿ 350 ಮಿಲಿಗ್ರಾಮಿನ ಸುತ್ತಮುತ್ತ. ನುಗ್ಗೆಸೊಪ್ಪಿನಲ್ಲಿ 300ಕ್ಕೂ ಮೇಲೆ. ಎಳ್ಳಿನಲ್ಲಿ ಸಾವಿರವನ್ನೂ ಮೀರುತ್ತದೆ; ಆದರೆ ಅದರ ದೊಡ್ಡ ಪಾಲು ಸಿಪ್ಪೆಯಲ್ಲಿ ಆಕ್ಸಲೇಟಿನೊಡನೆ ಬಿಗಿದುಕೊಂಡಿರುವುದರಿಂದ ಎಲ್ಲವೂ ಮೈಗೆ ಹತ್ತುವುದಿಲ್ಲ, ಸಿಪ್ಪೆ ತೆಗೆದರೆ ಸುಣ್ಣವೂ ಹೋಗುವುದು. ಬಿ-12 ಎಂಬ ಜೀವಸತ್ವಕ್ಕಂತೂ ಸಸ್ಯಲೋಕದಲ್ಲಿ ನಂಬತಕ್ಕ ಆಕರವೇ ಇಲ್ಲ. ಹಾಲು, ಮೊಟ್ಟೆ, ಮಾಂಸ ಮೂರನ್ನೂ ಬಿಟ್ಟವರು ಅದನ್ನು ಬೆರೆಸಿದ ಆಹಾರದಿಂದಲೋ ಗುಳಿಗೆಯಿಂದಲೋ ಪಡೆಯಬೇಕು.

ಎಳೆಯ ಮಕ್ಕಳ ವಿಷಯದಲ್ಲಿ ಮಾತ್ರ ಆಯ್ಕೆಯ ಪ್ರಶ್ನೆಯೇ ಏಳದು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ. ಅದು ಇಲ್ಲದಿದ್ದಲ್ಲಿ ಶಿಶುಗಳಿಗಾಗಿಯೇ ತಯಾರಾದ ಆಹಾರವನ್ನು ವೈದ್ಯರು ಸೂಚಿಸಬೇಕು. ಬೆಳ್ಳಗಿದೆಯೆಂಬ ಕಾರಣಕ್ಕೆ ಅಕ್ಕಿಯ ಹಾಲನ್ನೋ ಬಾದಾಮಿ ಹಾಲನ್ನೋ ಕೂಸಿಗೆ ಕುಡಿಸಿ, ಕೈಕಾಲು ಬಾತು ಆಸ್ಪತ್ರೆಗೆ ಹೊತ್ತು ತಂದ ಪ್ರಸಂಗಗಳು ಶ್ರೀಮಂತ ದೇಶಗಳ ವೈದ್ಯಪತ್ರಿಕೆಗಳಲ್ಲಿಯೇ ದಾಖಲಾಗಿವೆ.

ನೀರಿನ ಲೆಕ್ಕವೂ ನಮ್ಮ ಸೀಮೆಗೆ ಹೊರಗಿನದಲ್ಲ. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಜಾಗತಿಕ ಸರಾಸರಿಯಂತೆ ಒಂದು ಲೀಟರ್ ಹಾಲಿನ ಉತ್ಪಾದನೆಗೆ ಸುಮಾರು 628 ಲೀಟರ್ ನೀರು. ಬಾದಾಮಿ ಹಾಲಿಗೆ 371, ಅಕ್ಕಿಯ ಹಾಲಿಗೆ 270, ಓಟ್ಸಿಗೆ 48, ಸೋಯಾಕ್ಕೆ 28. ಇವು ಜಗತ್ತಿನ ಸರಾಸರಿಗಳು, ನಮ್ಮ ಹೊಲದ ಅಳತೆಗಳಲ್ಲ. ಆದರೂ ಕಣ್ಣು ತೆರೆಸುವಂತಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಗಂಗಾವತಿಯಲ್ಲಿ ಅಕ್ಕಿ ಸಮೃದ್ಧ. ಆದರೆ ಅಕ್ಕಿಯ ಹಾಲಿನಲ್ಲಿ ನೀರು ಹೆಚ್ಚು ಖರ್ಚು, ಸಾರ ಕಡಮೆ. ಬಾದಾಮಿಯಂತೂ ಬಹುಮಟ್ಟಿಗೆ ಕ್ಯಾಲಿಫೋರ್ನಿಯದಿಂದ ಹಡಗು ಹತ್ತಿ ಬರಬೇಕು. ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕೆಂಬ ಗಾದೆಯುಂಟಷ್ಟೆ; ನೋಡಲು ಹೋದವರು ಗುಡಿಯ ಕೆತ್ತನೆಯ ಜೊತೆಗೆ ಸುತ್ತಲಿನ ಮಳೆಯಾಧಾರದ ಹೊಲಗಳಲ್ಲಿ ಸಜ್ಜೆ, ತೊಗರಿ, ಶೇಂಗಾ ನಿಂತಿರುವುದನ್ನೂ ನೋಡಬಹುದು. ನಮ್ಮ ಆಯ್ಕೆ ಅಲ್ಲಿಂದಲೇ ಆಗಬೇಕೆಂಬುದು ಈ ಲೇಖಕರ ಪಕ್ಷಪಾತ.

ಮಾಡಿ ನೋಡಬಯಸುವವರಿಗೆ ಕ್ರಮ ಹೀಗಿದೆ. ಶೇಂಗಾ ಅಲರ್ಜಿಯುಳ್ಳವರು ಮನೆಯಲ್ಲಿ ಇಲ್ಲವೆಂದು ಖಚಿತವಾಗಿರಲಿ. ಆರಿಸಿದ ಕಾಳು ನೂರು ಗ್ರಾಮನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆಯನ್ನು ತಿಕ್ಕಿ ತೆಗೆದು, ನೆನೆದ ನೀರನ್ನು ಚೆಲ್ಲಬೇಕು. ಹೊಸ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ನುಣ್ಣಗೆ ರುಬ್ಬಿ, ಒಟ್ಟು ಮುಕ್ಕಾಲು ಲೀಟರಿಗೆ ತುಸು ಮೇಲಾಗುವಂತೆ ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ ಹಿಂಡಬೇಕು. ಕಾಳಿನ ಸಸಾರಜನಕದ ಮುಕ್ಕಾಲು ಪಾಲು ಇಳಿದುಬಂದರೂ ನೂರು ಮಿಲಿಲೀಟರಿಗೆ ಎರಡು ಗ್ರಾಮಿಗೆ ಮೇಲ್ಪಟ್ಟು ದೊರೆಯುವುದು. ಆಕಳ ಹಾಲಿಗೆ ಕಡಮೆ, ಬಾದಾಮಿಯ ಪೆಟ್ಟಿಗೆಗೆ ನಾಲ್ಕು ಪಟ್ಟು. ತಳ ಹಿಡಿಯದಂತೆ ತಿರುವುತ್ತ ಹತ್ತು ನಿಮಿಷ ಕುದಿಸುವುದು ಅಗತ್ಯ. ಕುದಿಯುವ ಚಹಾಕ್ಕೆ ಸುರಿದರೆ ಒಡೆಯುವ ಸಂಭವವುಂಟು. ಬೀಜದ ಸಸಾರಜನಕಕ್ಕೆ ಬಿಸಿ, ಹುಳಿ ಎರಡೂ ಕೂಡಿದರೆ ತಡೆಯಲಾಗದು. ಚಹಾದ ಬಿಸಿ ತುಸು ಆರಿದ ಮೇಲೆ ಬೆರೆಸಿದರೆ ನಿಲ್ಲುತ್ತದೆ. ಮೊಸರು ಮಾಡುವುದಾದರೆ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪಿನೊಡನೆ ಒಂದು ಚಮಚ ಸಕ್ಕರೆ ಹಾಕಬೇಕು, ಏಕೆಂದರೆ ಬ್ಯಾಕ್ಟೀರಿಯಾಗಳು ಬಯಸುವ ಹಾಲುಸಕ್ಕರೆ ಇದರಲ್ಲಿ ಇಲ್ಲ. ಗಡಿಗೆಯ ಎಮ್ಮೆ ಮೊಸರಿನಂತೆ ಗಟ್ಟಿಯಾಗದು. ಕೇಸಿನ್ ಹೆಣೆಯುವ ಜಾಲವನ್ನು ಶೇಂಗಾ ಹೆಣೆಯಲಾರದು. ಆದರೆ ಹುಳಿಯೇರಿದಂತೆ ಹಸಿಕಾಳಿನ ವಾಸನೆ ಹಿಂದೆ ಸರಿದು ಮಜ್ಜಿಗೆಗೆ, ಸಾರಿಗೆ ಚೆನ್ನಾಗಿ ಒದಗುತ್ತದೆ.

ಬಟ್ಟೆಯಲ್ಲಿ ಉಳಿದ ಚರಟವನ್ನು ಚೆಲ್ಲಬೇಕಾಗಿಲ್ಲ. ಅದರಲ್ಲಿ ಇನ್ನೂ ಸಸಾರಜನಕದ ಕಾಲುಪಾಲೂ ಎಣ್ಣೆಯ ಒಂದು ಭಾಗವೂ ನಾರೂ ಇವೆ. ಅಂದೇ ಬಾಣಲೆಯಲ್ಲಿ ಹುರಿದು ಪುಟಾಣಿ, ಬೆಳ್ಳುಳ್ಳಿ, ಕೆಂಪು ಖಾರದೊಡನೆ ಕುಟ್ಟಿದರೆ ರೊಟ್ಟಿಗೆ ಹಿಂಡಿಯಾಗುತ್ತದೆ. ಪುಟಾಣಿಯಲ್ಲಿರುವ ಕಡಲೆಯಿಂದ ಲೈಸಿನ್ನಿನ ಕೊರತೆಯೂ ಒಂದಿಷ್ಟು ತುಂಬುವುದು.